ಲಿನಕ್ಸ್‌ನಲ್ಲಿ ಹೊಲಿಗೆ, ವಿಂಡೋಸ್‌ನಲ್ಲಿ ಟ್ರಯಲ್: ಕನ್ನಡ ಓದೋ ಒಂದು ಸಾಫ್ಟ್‌ವೇರ್‌ನ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಳ್ಳಲಾಗಿದೆ.)

ಅಮ್ಮತ್ತಿಯಿಂದ ಮಾತಾಡ್ತಾ ಇದ್ದೀನಿ. ಇವತ್ತಿನ ವಿಷಯ ಕ್ರಾಸ್ ಕಂಪೈಲಿಂಗ್. ಹೆಸರು ಕೇಳಿದ ತಕ್ಷಣ ಸ್ಕಿಪ್ ಬಟನ್ ಕಡೆ ಬೆರಳು ಹೋಗ್ಬೇಡಿ. ನಾನೂ ಓದಿದ್ದು ಬಿಕಾಂ. ಇಂಜಿನಿಯರಿಂಗ್ ಓದದೇ ಇರೋರಿಗೆ ಅರ್ಥ ಆಗೋ ಹಾಗೇ ಹೇಳ್ತೀನಿ.

ಮೊದಲು ನಿಮ್ಮ ಕೈಯಲ್ಲಿರೋ ಫೋನನ್ನೇ ನೋಡಿ. ಅದರಲ್ಲಿ ಇಷ್ಟೊಂದು ಆ್ಯಪ್‌ಗಳಿವೆ. ಅದರಲ್ಲಿ ಒಂದನ್ನಾದ್ರೂ ಯಾರಾದ್ರೂ ಫೋನ್ ಮೇಲೇ ಕೂತು ಕಟ್ಟಿರ್ತಾರಾ? ಇಲ್ಲ. ಲ್ಯಾಪ್‌ಟಾಪ್‌ನಲ್ಲೋ ಸರ್ವರ್‌ನಲ್ಲೋ ಕಟ್ಟಿ, ನಿಮ್ಮ ಫೋನ್‌ಗೆ ಕಳಿಸ್ತಾರೆ. ಕಟ್ಟಿದ ಮಷೀನ್ ಒಂದು, ಓಡೋ ಮಷೀನ್ ಇನ್ನೊಂದು. ಕ್ರಾಸ್ ಕಂಪೈಲಿಂಗ್ ಅಂದ್ರೆ ಇಷ್ಟೇ.

ಇನ್ನೊಂದು ಉದಾಹರಣೆ ವಿಎಲ್‌ಸಿ ಪ್ಲೇಯರ್. ಕಿತ್ತಳೆ ಬಣ್ಣದ ಟ್ರಾಫಿಕ್ ಕೋನ್ ಚಿತ್ರ ಇರುತ್ತಲ್ಲ, ಅದೇ. 1996ರಲ್ಲಿ ಪ್ಯಾರಿಸ್‌ನ ಒಂದು ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಶುರು ಮಾಡಿದ ಕೆಲಸ ಅದು. 2001ರಲ್ಲಿ ಓಪನ್ ಸೋರ್ಸ್ ಆಯ್ತು. ವಿಂಡೋಸ್ ಕಂಪ್ಯೂಟರ್‌ನಲ್ಲಿ ಎಷ್ಟು ಸಿನಿಮಾ ನೋಡಿದೀವಿ ಅದರಲ್ಲಿ! ಆದ್ರೆ ಆ ವಿಂಡೋಸ್ ವಿಎಲ್‌ಸಿ ತಯಾರಾಗೋದು ಲಿನಕ್ಸ್ ಮಷೀನ್‌ನಲ್ಲಿ. ನಾವು ಲಿನಕ್ಸ್ ಮುಖ ನೋಡದೇ ಇದ್ರೂ ಲಿನಕ್ಸ್‌ನೋರ ಕೈಯಡುಗೆ ಎಷ್ಟೋ ವರ್ಷದಿಂದ ಉಣ್ತಾ ಇದ್ದೀವಿ.

ಹಾಗಾದ್ರೆ ಒಂದು ಪ್ರಶ್ನೆ ಬರುತ್ತೆ. ಲಿನಕ್ಸ್‌ನಲ್ಲಿ ಕೂತು ವಿಂಡೋಸ್‌ಗೆ ಸಾಫ್ಟ್‌ವೇರ್ ಮಾಡೋರು, ಅದು ನಮ್ಮ ವಿಂಡೋಸ್‌ನಲ್ಲಿ, ಅದೂ ಕನ್ನಡದಲ್ಲಿ ಸರಿಯಾಗಿ ಓಡುತ್ತಾ ಅಂತ ಹೇಗೆ ತಿಳ್ಕೊಳ್ತಾರೆ? ಇವತ್ತಿನ ಮಾತೆಲ್ಲ ಈ ಪ್ರಶ್ನೆ ಸುತ್ತಾನೇ.

ಅಳತೆ ಬ್ಲೌಸ್ ಇದ್ರೆ ಸಾಕು

ಕಂಪೈಲ್ ಅಂದ್ರೆ ಏನು ಅನ್ನೋದನ್ನ ಬೇಗ ಹೇಳಿಬಿಡ್ತೀನಿ. ಮನುಷ್ಯರು ಬರೆಯೋ ಪ್ರೋಗ್ರಾಂ, ಅಂದ್ರೆ ಸೋರ್ಸ್ ಕೋಡ್, ಓದೋಕೆ ಆಗೋ ಅಂಥ ಅಕ್ಷರದಲ್ಲಿರುತ್ತೆ. ಕಂಪ್ಯೂಟರ್‌ನ ಪ್ರೊಸೆಸರ್‌ಗೆ ಅದು ಅರ್ಥ ಆಗಲ್ಲ. ಅದನ್ನ ಪ್ರೊಸೆಸರ್‌ನ ಸೂಚನೆಗಳಾಗಿ ಬದಲಾಯಿಸೋ ಪ್ರೋಗ್ರಾಂ ಹೆಸರು ಕಂಪೈಲರ್.

ಈಗ ಒಂದು ಅನುಮಾನ ಬರಬಹುದು. ಒಂದೇ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸೂ ಹಾಕ್ಕೋಬಹುದು, ಲಿನಕ್ಸೂ ಹಾಕ್ಕೋಬಹುದು. ಪ್ರೊಸೆಸರ್ ಒಂದೇ. ಹಾಗಿದ್ರೂ ಲಿನಕ್ಸ್‌ನ ಪ್ರೋಗ್ರಾಂ ವಿಂಡೋಸ್‌ನಲ್ಲಿ ಯಾಕೆ ಓಡಲ್ಲ?

ಎರಡು ಕಾರಣ. ಒಂದು, ಪೊಟ್ಟಣ ಕಟ್ಟೋ ರೀತಿ ಬೇರೆ. ಲಿನಕ್ಸ್‌ನ ಪ್ರೋಗ್ರಾಂ ಫೈಲ್ ಇಎಲ್‌ಎಫ್ ಅನ್ನೋ ಮಾದರಿಯಲ್ಲಿರುತ್ತೆ, ವಿಂಡೋಸ್‌ದು ಪಿಇ ಅನ್ನೋ ಮಾದರಿಯಲ್ಲಿ. ಬೇಕಿದ್ರೆ ಯಾವುದಾದ್ರೂ ಇಎಕ್ಸ್‌ಇ ಫೈಲನ್ನ ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ಕಸದ ರಾಶಿ ಥರ ಕಾಣುತ್ತೆ, ಆದ್ರೆ ಮೊದಲ ಎರಡು ಅಕ್ಷರ ಎಂ ಮತ್ತು ಝಡ್. ಡಾಸ್ ಕಾಲದಲ್ಲಿ ಮೈಕ್ರೋಸಾಫ್ಟ್‌ನಲ್ಲಿದ್ದ ಮಾರ್ಕ್ ಝ್ಬಿಕೋವ್ಸ್ಕಿ ಅನ್ನೋ ಇಂಜಿನಿಯರ್‌ನ ಇನಿಷಿಯಲ್ ಅದು. ಇವತ್ತಿಗೂ ಪ್ರತಿ ಇಎಕ್ಸ್‌ಇ ಹಣೆ ಮೇಲೆ ಇದೆ. ನೋಡಿ ಮುಚ್ಚಿಬಿಡಿ, ಸೇವ್ ಮಾಡ್ಬೇಡಿ.

ಎರಡು, ಕೇಳೋ ಬಾಗಿಲು ಬೇರೆ. ಫೈಲ್ ತೆಗೆದುಕೊಡು, ಕಿಟಕಿ ತೋರಿಸು, ಪ್ರಿಂಟ್ ಹಾಕು ಅಂತ ಪ್ರೋಗ್ರಾಂ ಪ್ರತಿ ಕೆಲಸಕ್ಕೂ ಆಪರೇಟಿಂಗ್ ಸಿಸ್ಟಂ ಹತ್ರ ಕೇಳ್ಬೇಕು. ಲಿನಕ್ಸ್‌ನಲ್ಲಿ ಕೇಳೋ ರೀತಿ ಒಂದು, ವಿಂಡೋಸ್‌ನಲ್ಲಿ ಇನ್ನೊಂದು.

ಈಗ ಒಬ್ಬ ಟೈಲರ್ ಇದ್ದಾರೆ ಅಂದ್ಕೊಳ್ಳಿ. ಗಲ್ಫ್‌ನಲ್ಲಿರೋ ಮಗಳಿಗೆ ಬ್ಲೌಸ್ ಹೊಲಿಸ್ಬೇಕು ಅಂತ ತಾಯಿ ಬರ್ತಾರೆ. ಮಗಳು ಬರಬೇಕಾಗಿಲ್ಲ. ಟೈಲರ್ ಗಲ್ಫ್‌ಗೆ ಹೋಗಬೇಕಾಗಿಲ್ಲ. ಅಳತೆ ಬ್ಲೌಸ್ ಒಂದು ಕೊಟ್ರೆ ಸಾಕು. ಲಿನಕ್ಸ್‌ನಲ್ಲಿ ಆ ಅಳತೆ ಬ್ಲೌಸ್ ಹೆಸರು ಮಿಂಗ್‌ಡಬ್ಲ್ಯೂ. ವಿಂಡೋಸ್ ಯಾವ ಯಾವ ಕೆಲಸ ಮಾಡಿಕೊಡುತ್ತೆ, ಅದನ್ನ ಯಾವ ಹೆಸರಿಂದ ಕೇಳ್ಬೇಕು, ಯಾವ ಡಿಎಲ್‌ಎಲ್ ಫೈಲ್ ಒಳಗೆ ಅದು ಸಿಗುತ್ತೆ ಅನ್ನೋ ಪಟ್ಟಿ ಇದರಲ್ಲಿದೆ. ಜೊತೆಗೆ ಜಿಸಿಸಿ ಅನ್ನೋ ಓಪನ್ ಸೋರ್ಸ್ ಕಂಪೈಲರ್ ಸೇರ್ಕೊಳ್ಳುತ್ತೆ. ಮೂಲ ಮಿಂಗ್‌ಡಬ್ಲ್ಯೂ ಬಂದಿದ್ದು 1998ರಲ್ಲಿ. 2007ರಲ್ಲಿ 64 ಬಿಟ್ ವಿಂಡೋಸ್‌ಗೂ ಆಗೋ ಹಾಗೆ ಮಿಂಗ್‌ಡಬ್ಲ್ಯೂ-ಡಬ್ಲ್ಯೂ64 ಅಂತ ಅದರ ಕವಲು ಹುಟ್ಟಿತು. ಈಗ ಬಹುತೇಕ ಎಲ್ಲರೂ ಬಳಸೋದು ಆ ಕವಲನ್ನೇ.

ಒಳ್ಳೆ ಟೈಲರ್ ಅಳತೆಯಿಂದ ಸುಮಾರು ಸರಿಯಾಗೇ ಹೊಲೀತಾರೆ. ಆದ್ರೆ ಹಾಕ್ಕೊಂಡು ನೋಡೋದು ಮಗಳೇ. ತೋಳು ಬಿಗಿ ಆಯ್ತು ಅಂತ ಅವಳು ಫೋನ್ ಮಾಡಿ ಹೇಳಲಿಲ್ಲ ಅಂದ್ರೆ ಟೈಲರ್‌ಗೆ ಗೊತ್ತಾಗಲ್ಲ. ಈ ಮಾತನ್ನ ಮನಸ್ಸಲ್ಲಿಟ್ಕೊಳ್ಳಿ.

ಜರ್ಮನಿಯ ಗ್ರಂಥಾಲಯ, ನಮ್ಮ ಕನ್ನಡ ಕಡತ

ನಮಗೆ ಹತ್ತಿರದ ಉದಾಹರಣೆ ಟೆಸೆರಾಕ್ಟ್. ಇದು ಒಂದು ಓಸಿಆರ್ ಸಾಫ್ಟ್‌ವೇರ್. ಅಂದ್ರೆ, ಮುದ್ರಿಸಿದ ಪುಟದ ಫೋಟೋ ಕೊಟ್ರೆ ಅದರೊಳಗಿನ ಅಕ್ಷರ ಓದಿ, ತಿದ್ದೋಕೆ, ಹುಡುಕೋಕೆ ಆಗೋ ಪಠ್ಯವಾಗಿ ಕೊಡುತ್ತೆ. ಕನ್ನಡವನ್ನೂ ಓದುತ್ತೆ.

ಇದರ ಜಾತಕ ಸ್ವಲ್ಪ ಕೇಳಿ. 1985ರಿಂದ 1994ರವರೆಗೆ ಹ್ಯೂಲೆಟ್ ಪ್ಯಾಕರ್ಡ್ ಕಂಪನಿ, ಅಂದ್ರೆ ನಮ್ಮ ಪ್ರಿಂಟರ್ ಎಚ್‌ಪಿ, ಇಂಗ್ಲೆಂಡಿನ ಬ್ರಿಸ್ಟಲ್ ಮತ್ತು ಅಮೆರಿಕದ ಗ್ರೀಲಿಯಲ್ಲಿ ಇದನ್ನ ಬೆಳೆಸಿತು. 1995ರಲ್ಲಿ ನೆವಾಡ ವಿಶ್ವವಿದ್ಯಾಲಯ ನಡೆಸಿದ ಓಸಿಆರ್ ಪರೀಕ್ಷೆಯಲ್ಲಿ ಮೊದಲ ಮೂರರಲ್ಲಿ ಬಂತು. 1996ರಲ್ಲಿ ವಿಂಡೋಸ್‌ಗೆ ಹೊಂದೋ ಹಾಗೆ ಬದಲಾವಣೆ ಮಾಡಿದ್ರು. ಆಮೇಲೆ ಸುಮಾರು ಹತ್ತು ವರ್ಷ ಮೂಲೆಯಲ್ಲಿ ಬಿದ್ದಿತ್ತು. 2005ರಲ್ಲಿ ಎಚ್‌ಪಿ ಇದನ್ನ ಓಪನ್ ಸೋರ್ಸ್ ಮಾಡಿತು, 2006ರಿಂದ ಗೂಗಲ್ ಕೈ ಹಿಡಿಯಿತು. 2018ರಲ್ಲಿ ಬಂದ ನಾಲ್ಕನೇ ಆವೃತ್ತಿಯಲ್ಲಿ ನ್ಯೂರಲ್ ನೆಟ್‌ವರ್ಕ್ ಸೇರಿತು. ಬಿಡಿ ಅಕ್ಷರ ಗುರುತಿಸೋ ಬದಲು ಇಡೀ ಸಾಲನ್ನ ಓದೋ ಪದ್ಧತಿ ಅದು. ಅಕ್ಷರದ ಕೆಳಗೆ ಒತ್ತು, ಪಕ್ಕದಲ್ಲಿ ದೀರ್ಘ, ಮೇಲೆ ಗುಡಿಸು ಇರೋ ನಮ್ಮ ಲಿಪಿಗೆ ಈ ಪದ್ಧತಿ ಹೆಚ್ಚು ಒಗ್ಗುತ್ತೆ.

ಇದರ ವಿಂಡೋಸ್ ಇನ್‌ಸ್ಟಾಲರ್ ಎಲ್ಲಿಂದ ಬರುತ್ತೆ ಗೊತ್ತಾ? ಹೆಚ್ಚಿನವರು ಇಳಿಸ್ಕೊಳ್ಳೋದು ಜರ್ಮನಿಯ ಮ್ಯಾನ್‌ಹೈಮ್ ವಿಶ್ವವಿದ್ಯಾಲಯದ ಗ್ರಂಥಾಲಯ ಕಟ್ಟಿಕೊಡೋ ಇನ್‌ಸ್ಟಾಲರನ್ನ. ಸಾಫ್ಟ್‌ವೇರ್ ಕಂಪನಿ ಅಲ್ಲ, ಒಂದು ಲೈಬ್ರರಿ! ಹಳೆಯ ಜರ್ಮನ್ ಪತ್ರಿಕೆಗಳನ್ನ, ಪ್ರಷ್ಯಾ ಕಾಲದ ಸರ್ಕಾರಿ ಗೆಜೆಟ್‌ಗಳನ್ನ ಡಿಜಿಟಲ್ ಮಾಡೋದು ಅವರ ಕೆಲಸ. ಆ ಗೆಜೆಟ್‌ಗಳಲ್ಲಿ ಕಂಪನಿಗಳ ನೋಂದಣಿ ಪ್ರಕಟಣೆಗಳೂ ಇರ್ತಿದ್ವು. ಬಿಕಾಂ ಓದಿದೋರಿಗೆ ಇದು ಕಿವಿ ನಿಮಿರಿಸೋ ಸಂಗತಿ. ಅವರು ದಿನಾ ಕೆಲಸ ಮಾಡೋದು ಡೆಬಿಯನ್ ಅನ್ನೋ ಲಿನಕ್ಸ್‌ನಲ್ಲಿ. ವಿಂಡೋಸ್ ಬಳಸೋರಿಗೂ ಬೇಕಾಯ್ತು. ಅದಕ್ಕೆ ಡೆಬಿಯನ್‌ನಲ್ಲೇ ಕೂತು, ಮಿಂಗ್‌ಡಬ್ಲ್ಯೂ-ಡಬ್ಲ್ಯೂ64 ಬಳಸಿ ವಿಂಡೋಸ್ ಆವೃತ್ತಿ ಕಟ್ಟಿದ್ರು. ಎಲ್ಲರಿಗೂ ಬಿಟ್ಟಿ ಕೊಟ್ರು.

ಹೇಳಿದಷ್ಟು ಸುಲಭ ಅಲ್ಲ. ಟೆಸೆರಾಕ್ಟ್ ಒಂದನ್ನೇ ಕಂಪೈಲ್ ಮಾಡಿದ್ರೆ ಸಾಲದು. ಚಿತ್ರ ಓದೋಕೆ ಅದು ಲೆಪ್ಟೋನಿಕಾ ಅನ್ನೋ ಇನ್ನೊಂದು ಪ್ರೋಗ್ರಾಂ ಕಟ್ಟನ್ನ ನಂಬಿದೆ. ಲೆಪ್ಟೋನಿಕಾ ಪಿಎನ್‌ಜಿ, ಜೆಪೆಗ್, ಟಿಫ್ ಓದೋ ಬೇರೆ ಕಟ್ಟುಗಳನ್ನ ನಂಬಿದೆ. ಆ ಒಂದೊಂದನ್ನೂ ವಿಂಡೋಸ್‌ಗೆ ಅಂತಲೇ ಮತ್ತೆ ಕಂಪೈಲ್ ಮಾಡ್ಬೇಕು. ಬ್ಲೌಸ್ ಹೊಲಿದ್ರೆ ಆಗಲಿಲ್ಲ, ಹುಕ್ಕು, ದಾರ, ಲೈನಿಂಗ್ ಬಟ್ಟೆ ಎಲ್ಲ ಆ ಅಳತೆಗೇ ಆಗ್ಬೇಕು. ಒಂದು ಬಿಟ್ಟುಹೋದ್ರೂ ನಿಮ್ಮ ಪರದೆ ಮೇಲೆ 'ಇಂಥ ಡಿಎಲ್‌ಎಲ್ ಸಿಗಲಿಲ್ಲ' ಅನ್ನೋ ಸಂದೇಶ ಬರುತ್ತೆ.

ಇಲ್ಲಿ ಒಂದು ಎಚ್ಚರಿಕೆ. ಆ ಸಂದೇಶ ಬಂದಾಗ ಡಿಎಲ್‌ಎಲ್ ಹೆಸರು ಗೂಗಲ್ ಮಾಡಿ, ಸಿಕ್ಕಿದ ಸೈಟಿಂದ ಇಳಿಸ್ಕೊಂಡು ಹಾಕೋ ಅಭ್ಯಾಸ ನಮ್ಮಲ್ಲಿ ತುಂಬ ಇದೆ. ದಯವಿಟ್ಟು ಬೇಡ. ವೈರಸ್ ಒಳಗೆ ಬರೋ ರಾಜಮಾರ್ಗ ಅದು. ಸಾಫ್ಟ್‌ವೇರ್ ಕಟ್ಟಿದೋರ ಜಾಗದಿಂದಲೇ ಮತ್ತೊಮ್ಮೆ ಪೂರ್ತಿ ಇಳಿಸ್ಕೊಳ್ಳಿ.

ಇದು ಅಮ್ಮತ್ತಿಗೆ ಯಾಕೆ ಬೇಕು

ನಮ್ಮ ಕಡೆ ಜೆರಾಕ್ಸ್ ಅಂಗಡಿಯಿಂದ ಹಿಡಿದು ಕಾಫಿ, ಕಾಳುಮೆಣಸು ವ್ಯಾಪಾರದ ಆಫೀಸಿನವರೆಗೆ ಕಂಪ್ಯೂಟರ್ ಅಂದ್ರೆ ವಿಂಡೋಸ್. ಲೆಕ್ಕಕ್ಕೆ ಟ್ಯಾಲಿ, ಕನ್ನಡ ಟೈಪಿಂಗ್‌ಗೆ ಕನ್ನಡ ಗಣಕ ಪರಿಷತ್ತಿನ ನುಡಿ ಅಥವಾ ಬರಹ. ವಿರಾಜಪೇಟೆ ದಾಟಿ ಮಾಕುಟ್ಟ ಘಾಟಿ ಇಳಿದ್ರೆ ಕೇರಳ. ಅಲ್ಲಿನ ಸರ್ಕಾರಿ ಶಾಲೆಗಳ ಕಂಪ್ಯೂಟರ್‌ನಲ್ಲಿ ಲಿನಕ್ಸ್. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲೀತಾರೆ. ಘಾಟಿ ಇಳಿದ್ರೆ ಲಿನಕ್ಸ್, ಹತ್ತಿದ್ರೆ ವಿಂಡೋಸ್. ಅಂಗಡಿಯೋರಿಗೆ ಲಿನಕ್ಸ್ ಹಾಕ್ಕೊಳ್ಳಿ ಅಂದ್ರೆ, ಟ್ಯಾಲಿ ಏನ್ಮಾಡ್ಲಿ ಅಂತ ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಅದಕ್ಕೇ ಓಪನ್ ಸೋರ್ಸ್ ನಮ್ಮೂರಿಗೆ ಬರಬೇಕು ಅಂದ್ರೆ ವಿಂಡೋಸ್ ಬಾಗಿಲಿಂದಲೇ ಬರಬೇಕು.

ಬಂದ್ರೆ ಏನು ಉಪಯೋಗ? ಸಹಕಾರ ಸಂಘದ ಹಳೆಯ ಮಹಾಸಭೆ ವರದಿಗಳು, ಆಡಿಟ್ ವರದಿಗಳು, ಟೈಪ್ ಮಾಡಿದ ಕ್ರಯಪತ್ರ, ಮಡಿಕೇರಿಯ 'ಶಕ್ತಿ' ಪತ್ರಿಕೆಯ ಹಳೆಯ ತುಣುಕುಗಳು. ಬೀರುವಿನಲ್ಲಿ ಮಳೆಗಾಲದ ತೇವಕ್ಕೆ ಬೂಷ್ಟು ಹಿಡೀತಾ ಇರೋ ಇಂಥ ಕಾಗದ ಎಷ್ಟು ಮನೆಯಲ್ಲಿಲ್ಲ? ಫೋಟೋ ತೆಗೆದಿಟ್ರೆ ಉಳಿಯುತ್ತೆ ನಿಜ, ಆದ್ರೆ ಹುಡುಕೋಕೆ ಆಗಲ್ಲ. ಸಾವಿರ ಫೋಟೋದಲ್ಲಿ ಒಂದು ಸರ್ವೆ ನಂಬರ್ ಹುಡುಕಿ ನೋಡಿ, ಗೊತ್ತಾಗುತ್ತೆ.

ಫೋನ್‌ನಲ್ಲೇ ಆಗುತ್ತಲ್ಲ ಅಂತೀರಿ. ಒಂದೆರಡು ಪುಟಕ್ಕೆ ಆಗುತ್ತೆ. ಆದ್ರೆ ಆಸ್ತಿ ಪತ್ರ, ಆಧಾರ್ ನಂಬರ್ ಇರೋ ಕಾಗದವನ್ನ ಯಾವುದೋ ಬಿಟ್ಟಿ ವೆಬ್‌ಸೈಟ್‌ಗೆ ಅಪ್‌ಲೋಡ್ ಮಾಡೋ ಮೊದಲು ಒಂದ್ಸಲ ಯೋಚಿಸಿ. ಟೆಸೆರಾಕ್ಟ್‌ಗೆ ಇಂಟರ್‌ನೆಟ್ಟೇ ಬೇಡ. ಕಾಗದ ನಿಮ್ಮ ಕಂಪ್ಯೂಟರ್ ಬಿಟ್ಟು ಎಲ್ಲಿಗೂ ಹೋಗಲ್ಲ. ಆಷಾಢದ ಗಾಳಿಗೆ ಮರ ಬಿದ್ದು ನೆಟ್‌ವರ್ಕ್ ಹೋದ್ರೂ ಲ್ಯಾಪ್‌ಟಾಪ್‌ನಲ್ಲಿ ಚಾರ್ಜ್ ಇದ್ರೆ ಕೆಲಸ ನಡೆಯುತ್ತೆ. ಅಪಾಚೆ ಲೈಸೆನ್ಸ್ ಇರೋದ್ರಿಂದ ಅಂಗಡಿಯಲ್ಲಿ ದುಡ್ಡು ತಗೊಂಡು ಮಾಡೋ ಕೆಲಸಕ್ಕೂ ಬಳಸಬಹುದು. ಶುಲ್ಕ ಇಲ್ಲ, ಕ್ರ್ಯಾಕ್ ಹುಡುಕೋ ಪಾಡೂ ಇಲ್ಲ.

ಇನ್ನೊಂದು ಉಪಯೋಗ ತುಂಬ ಜನಕ್ಕೆ ಹೊಳೆಯೋದೇ ಇಲ್ಲ. ಕೆಲವು ಹಳೆಯ ಕನ್ನಡ ಪಿಡಿಎಫ್‌ಗಳಿಂದ ಕಾಪಿ ಮಾಡಿ ವಾಟ್ಸಾಪ್‌ಗೆ ಪೇಸ್ಟ್ ಮಾಡಿದ್ರೆ ಇಂಗ್ಲಿಷ್ ಅಕ್ಷರದ ಚಿತ್ರಾನ್ನ ಬರುತ್ತಲ್ಲ? ಯೂನಿಕೋಡ್ ಬರೋ ಮುಂಚಿನ ಫಾಂಟ್‌ಗಳಲ್ಲಿ ಮಾಡಿದ್ದು ಅವು. ಒಳಗಿರೋದು ಇಂಗ್ಲಿಷ್ ಸಂಕೇತ, ಮೇಲೆ ಹೊದಿಸಿರೋದು ಕನ್ನಡ ಆಕಾರ. ಆ ಪುಟವನ್ನ ಚಿತ್ರವಾಗಿ ಬದಲಾಯಿಸಿ ಟೆಸೆರಾಕ್ಟ್‌ಗೆ ಕೊಟ್ರೆ, ಅದು ಕಣ್ಣಿಗೆ ಕಾಣೋ ಆಕಾರವನ್ನೇ ಓದಿ ಯೂನಿಕೋಡ್ ಕನ್ನಡ ಕೊಡುತ್ತೆ.

ಬಳಸೋದು ಹೀಗೆ

ಇನ್‌ಸ್ಟಾಲ್ ಮಾಡುವಾಗ ಹೆಚ್ಚುವರಿ ಭಾಷೆಗಳ ಪಟ್ಟಿ ಬರುತ್ತೆ. ಅಲ್ಲಿ ಕನ್ನಡಕ್ಕೆ ಟಿಕ್ ಹಾಕಿ. ಅದರ ಹತ್ತಿರಾನೇ ಹೆಚ್ಚುವರಿ ಲಿಪಿಗಳ ಪಟ್ಟಿನೂ ಇದೆ. ಅಲ್ಲೂ ಕನ್ನಡಕ್ಕೆ ಟಿಕ್ ಹಾಕಿ. ಭಾಷೆ ಕಡತ ಕನ್ನಡ ಪದಗಳ ಅಂದಾಜಿನ ಮೇಲೆ ಓದುತ್ತೆ. ಕನ್ನಡ ಲಿಪಿಯಲ್ಲಿ ಅಚ್ಚಾದ ಕೊಡವ ತಕ್ಕಿನ ಪುಸ್ತಕ ಇದ್ರೆ ಲಿಪಿ ಕಡತವನ್ನೂ ಬಳಸಿ, ಎರಡರಲ್ಲಿ ಯಾವುದು ಚೆನ್ನಾಗಿ ಓದುತ್ತೆ ಅಂತ ಹೋಲಿಸಿ ನೋಡಿ.

ಯಾವ ಫೋಲ್ಡರ್‌ಗೆ ಹಾಕ್ತೀರಿ ಅನ್ನೋದೂ ಮುಖ್ಯ. ಅದೇ ಸೂಚಿಸೋ ಫೋಲ್ಡರ್‌ನಲ್ಲಿ ಅಥವಾ ಹೊಸ ಖಾಲಿ ಫೋಲ್ಡರ್‌ನಲ್ಲಿ ಹಾಕಿ. ತೆಗೆದುಹಾಕುವಾಗ ಅದು ಇಡೀ ಫೋಲ್ಡರನ್ನೇ ಅಳಿಸುತ್ತೆ ಅಂತ ಮ್ಯಾನ್‌ಹೈಮ್‌ನೋರೇ ಎಚ್ಚರಿಸಿದ್ದಾರೆ. ನಿಮ್ಮ ಲೆಕ್ಕದ ಫೈಲ್ ಇರೋ ಕಡೆ ಹಾಕಿ, ಆಮೇಲೆ ತೆಗೆದ್ರೆ, ಲೆಕ್ಕವೂ ಹೋಯ್ತು.

ಇದಕ್ಕೆ ಬಟನ್ ಇರೋ ಕಿಟಕಿ ಇಲ್ಲ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಟೈಪ್ ಮಾಡ್ಬೇಕು: ಟೆಸೆರಾಕ್ಟ್, ಸ್ಪೇಸ್, ಚಿತ್ರದ ಹೆಸರು, ಸ್ಪೇಸ್, ಔಟ್‌ಪುಟ್‌ಗೆ ನೀವು ಕೊಡೋ ಹೆಸರು, ಸ್ಪೇಸ್, ಮೈನಸ್ ಎಲ್, ಸ್ಪೇಸ್, ಕೆ ಎ ಎನ್. ಪುಟದಲ್ಲಿ ಇಂಗ್ಲಿಷೂ ಇದ್ರೆ ಕೆ ಎ ಎನ್ ಪ್ಲಸ್ ಇ ಎನ್ ಜಿ. ಅಷ್ಟೇ. ಟೆಕ್ಸ್ಟ್ ಫೈಲ್ ಬರುತ್ತೆ. ಕಮಾಂಡೇ ಸಿಗಲಿಲ್ಲ ಅಂದ್ರೆ, ಇನ್‌ಸ್ಟಾಲ್ ಆಗಿರೋ ಫೋಲ್ಡರ್ ಒಳಗಿಂದ ಓಡಿಸಿ. ಪಿಡಿಎಫ್ ನೇರವಾಗಿ ತಗೊಳ್ಳಲ್ಲ, ಚಿತ್ರ ಮಾಡಿ ಕೊಡ್ಬೇಕು. ಸ್ಕ್ಯಾನ್ 300 ಡಿಪಿಐ ಇದ್ರೆ ಒಳ್ಳೇದು.

ನಿರೀಕ್ಷೆ ಅಳತೆಯಲ್ಲಿರಲಿ. ಕೈಬರಹಕ್ಕೆ ಇದು ಅಲ್ಲ. ಹೆಚ್ಚಾಗಿ ಕಂಪ್ಯೂಟರ್ ಫಾಂಟ್‌ನ ಸಾಲುಗಳನ್ನ ತೋರಿಸಿ ಕಲಿಸಿರೋದ್ರಿಂದ ಅಚ್ಚುಮೊಳೆ ಕಾಲದ ಮಸುಕು ಮುದ್ರಣದಲ್ಲಿ ತಪ್ಪು ಜಾಸ್ತಿ. ಅಂಕಿಗಳ ಬಗ್ಗೆ ಎರಡು ಪಟ್ಟು ಹುಷಾರು. ಕನ್ನಡದ ಸೊನ್ನೆಗೂ ಅನುಸ್ವಾರಕ್ಕೂ ಆಕಾರ ಒಂದೇ. ಜಮಾ ಖರ್ಚಿನ ಪುಟ ಓದಿಸಿದ್ರೆ, ಬಂದ ಅಂಕಿಗಳನ್ನ ಕೂಡಿಸಿ, ಪುಟದ ಕೆಳಗಿನ ಮೊತ್ತಕ್ಕೆ ತಾಳೆ ಮಾಡದೇ ಎಲ್ಲೂ ಬಳಸ್ಬೇಡಿ.

'ಅಮ್ಮತ್ತಿ' ಅಂದ್ರೆ ಎಂಟು ಪ್ರಶ್ನಾರ್ಥಕ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಲಿನಕ್ಸ್‌ನಲ್ಲಿ ಕಟ್ಟಿದೋರಿಗೆ ನಮ್ಮ ಕಷ್ಟ ಹೇಗೆ ಗೊತ್ತಾಗುತ್ತೆ?

ಒಂದು ನಿಜವಾದ ಕಷ್ಟ ಹೇಳ್ತೀನಿ, ಫೈಲ್ ಹೆಸರಿನದು. ಅಮ್ಮತ್ತಿ ಅನ್ನೋ ಹೆಸರು ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್‌ನಲ್ಲಿ ಅದು ಎಂಟು ಸಂಕೇತ: ಅ, ಮ, ವಿರಾಮ, ಮ, ತ, ವಿರಾಮ, ತ, ಇಕಾರದ ಗುಡಿಸು. ಲಿನಕ್ಸ್‌ನಲ್ಲಿ ಫೈಲ್ ಹೆಸರನ್ನ ಸಾಮಾನ್ಯವಾಗಿ ಯುಟಿಎಫ್-8 ಅನ್ನೋ ರೀತಿಯಲ್ಲಿ ಇಡ್ತಾರೆ. ಅದರಲ್ಲಿ ಕನ್ನಡದ ಒಂದು ಸಂಕೇತಕ್ಕೆ ಮೂರು ಬೈಟ್. ಒಟ್ಟು 24 ಬೈಟ್. ವಿಂಡೋಸ್ ಒಳಗೆ ಫೈಲ್ ಹೆಸರು ಯುಟಿಎಫ್-16ರಲ್ಲಿ. ಒಂದಕ್ಕೆ ಎರಡು ಬೈಟ್, ಒಟ್ಟು 16. ಇಷ್ಟೇ ಆಗಿದ್ರೆ ತೊಂದರೆ ಇರಲಿಲ್ಲ.

ವಿಂಡೋಸ್‌ನಲ್ಲಿ ಹಳೆಯ ಕಾಲದ ಇನ್ನೊಂದು ಬಾಗಿಲಿದೆ, ಎಎನ್‌ಎಸ್‌ಐ ಕೋಡ್ ಪೇಜ್ ಅಂತ. ಸಿ ಭಾಷೆಯಲ್ಲಿ ಸಾದಾ ರೀತಿಯಲ್ಲಿ ಬರೆದ ಪ್ರೋಗ್ರಾಂ, ಲಿನಕ್ಸ್‌ನಿಂದ ಬರೋವು ಬಹುಪಾಲು ಹೀಗೇ ಇರ್ತವೆ, ಫೈಲ್ ಕೇಳುವಾಗ ಈ ಹಳೆ ಬಾಗಿಲಿಗೇ ಹೋಗುತ್ತೆ. ಜಪಾನಿ ಭಾಷೆಗೆ, ರಷ್ಯನ್ ಭಾಷೆಗೆ ಅಲ್ಲಿ ಕೋಡ್ ಪೇಜ್ ಉಂಟು. ಕನ್ನಡಕ್ಕೆ ಇಲ್ಲ. ಕನ್ನಡ ವಿಂಡೋಸ್‌ಗೆ ಬಂದಿದ್ದೇ ಯೂನಿಕೋಡ್ ಮೂಲಕ. ಹಾಗಾಗಿ ಆ ಬಾಗಿಲಲ್ಲಿ ಕನ್ನಡ ಅಕ್ಷರ ಕಂಡ್ರೆ ವಿಂಡೋಸ್ ಪ್ರಶ್ನಾರ್ಥಕ ಚಿಹ್ನೆ ಹಾಕಿ ಕಳಿಸುತ್ತೆ. ಅಮ್ಮತ್ತಿ ಅಂದ್ರೆ ಎಂಟು ಪ್ರಶ್ನಾರ್ಥಕ. ತಮಾಷೆ ಏನಂದ್ರೆ, ವಿಂಡೋಸ್‌ನಲ್ಲಿ ಫೈಲ್ ಹೆಸರಲ್ಲಿ ಪ್ರಶ್ನಾರ್ಥಕ ಇಡೋದಕ್ಕೇ ಅನುಮತಿ ಇಲ್ಲ. ಕೊನೆಗೆ ಬರೋ ಉತ್ತರ: ಫೈಲ್ ಸಿಗಲಿಲ್ಲ.

ಫೈಲ್ ಕಣ್ಣೆದುರಿಗೇ ಇದೆ, ಸಿಗಲಿಲ್ಲ ಅನ್ನುತ್ತೆ! ನಾವು ಏನ್ಮಾಡ್ತೀವಿ? ಹೆಸರನ್ನ ಇಂಗ್ಲಿಷ್‌ಗೆ ಬದಲಾಯಿಸಿ ಮುಂದೆ ಹೋಗ್ತೀವಿ. ಅಡ್ಜಸ್ಟ್ ಮಾಡ್ಕೊಳ್ತೀವಿ. ಎಲ್ಲರೂ ಅಡ್ಜಸ್ಟ್ ಮಾಡ್ಕೊಂಡ್ರೆ ಅಂಥ ಒಂದು ತೊಂದರೆ ಇದೆ ಅಂತ ಕಟ್ಟಿದೋರಿಗೆ ಯಾವತ್ತೂ ಗೊತ್ತಾಗಲ್ಲ. ಅವರ ಲಿನಕ್ಸ್‌ನಲ್ಲಿ ಕನ್ನಡ ಹೆಸರು ಸಲೀಸಾಗಿ ಓಡ್ತಾ ಇರುತ್ತೆ. ಕಂಪೈಲರ್ ಯಾವ ತಪ್ಪನ್ನೂ ತೋರಿಸಿರಲ್ಲ. ಹೊಲಿಗೆ ಸರಿ, ಅಳತೆ ಸರಿ, ತೋಳು ಬಿಗಿ ಅಂತ ಹೇಳೋರೇ ಇಲ್ಲ.

ಇದಕ್ಕೆ ಪರಿಹಾರ ಇಲ್ವಾ? ಇದೆ. 2019ರಲ್ಲಿ ಬಂದ ವಿಂಡೋಸ್ 10ರ 1903 ಆವೃತ್ತಿಯಿಂದ ಈಚೆಗೆ, ಪ್ರೋಗ್ರಾಂ ಜೊತೆ 'ನನಗೆ ಯುಟಿಎಫ್-8 ಬಾಗಿಲು ಕೊಡು' ಅನ್ನೋ ಚಿಕ್ಕ ಸೂಚನೆ ಸೇರಿಸಿದ್ರೆ ಸಾಕು, ಕನ್ನಡ ಹೆಸರು ಸರಿಯಾಗುತ್ತೆ. ಮ್ಯಾನಿಫೆಸ್ಟ್ ಅಂತಾರೆ ಅದಕ್ಕೆ. ಕೆಲವೇ ಸಾಲಿನ ಫೈಲ್. ಅದನ್ನ ಸೇರಿಸೋದು ದೊಡ್ಡ ಕೆಲಸ ಅಲ್ಲ, ಸೇರಿಸ್ಬೇಕು ಅಂತ ಯಾರಾದ್ರೂ ಹೇಳ್ಬೇಕು ಅಷ್ಟೇ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲೇ ಇಡೀ ಕಂಪ್ಯೂಟರನ್ನ ಯುಟಿಎಫ್-8ಗೆ ಬದಲಾಯಿಸೋ ಒಂದು ಬೀಟಾ ಆಯ್ಕೆಯೂ ಇದೆ. ಆದ್ರೆ ಅಂಗಡಿ ಕಂಪ್ಯೂಟರ್‌ನಲ್ಲಿ ಅದನ್ನ ಮುಟ್ಬೇಡಿ, ಹಳೆಯ ಸಾಫ್ಟ್‌ವೇರ್‌ಗಳು ಕೈಕೊಡಬಹುದು.

ಹಾಗಂತ ಕಂಡಿದ್ದೆಲ್ಲ ದೋಷ ಅಲ್ಲ. ಕಮಾಂಡ್ ಪ್ರಾಂಪ್ಟ್‌ನ ಕಪ್ಪು ಕಿಟಕಿಯಲ್ಲಿ ಕನ್ನಡ ಚೌಕ ಚೌಕವಾಗಿ ಕಾಣಬಹುದು. ಅದು ಆ ಕಿಟಕಿಯ ಫಾಂಟ್ ತೊಂದರೆ. ಅದೇ ಫೈಲನ್ನ ನೋಟ್‌ಪ್ಯಾಡ್‌ನಲ್ಲಿ ತೆರೆದ್ರೆ ಚೆನ್ನಾಗೇ ಇರುತ್ತೆ. ಅದೇ ರೀತಿ, ಹಳೆ ವಿಂಡೋಸ್‌ನ ನೋಟ್‌ಪ್ಯಾಡ್‌ನಲ್ಲಿ ಲಿನಕ್ಸ್‌ನ ಟೆಕ್ಸ್ಟ್ ಫೈಲ್ ತೆರೆದ್ರೆ ಎಲ್ಲ ಸಾಲೂ ಒಂದೇ ಸಾಲಾಗಿ ಕಾಣ್ತಿತ್ತು. ಸಾಲು ಮುಗೀತು ಅಂತ ಹೇಳೋಕೆ ಲಿನಕ್ಸ್ ಒಂದು ಗುರುತು ಬಳಸುತ್ತೆ, ವಿಂಡೋಸ್ ಎರಡು. ಟೈಪ್‌ರೈಟರ್ ಕಾಲದಿಂದ ಬಂದ ರೂಢಿ. 2018ರ ನಂತರದ ನೋಟ್‌ಪ್ಯಾಡ್ ಎರಡನ್ನೂ ಓದುತ್ತೆ.

ನೀವೇ ಹೊಲಿದು ನೋಡಿ

ಕೈ ಹಾಕಿ ನೋಡ್ಬೇಕು ಅನ್ನೋರಿಗೆ ದಾರಿ ಇದೆ. ಹಳೆ ಲ್ಯಾಪ್‌ಟಾಪ್ ಇದ್ರೆ ಅದಕ್ಕೆ ಡೆಬಿಯನ್ ಅಥವಾ ಉಬುಂಟು ಹಾಕಿ. ಇಲ್ಲಾಂದ್ರೆ ವಿಂಡೋಸ್ 10, 11ರ ಒಳಗೇ ಡಬ್ಲ್ಯೂಎಸ್ಎಲ್ ಅಂತ ಲಿನಕ್ಸ್ ಹಾಕ್ಕೊಳ್ಳೋಕೆ ಮೈಕ್ರೋಸಾಫ್ಟೇ ಅವಕಾಶ ಕೊಟ್ಟಿದೆ. ಅದರಲ್ಲಿ ಮಿಂಗ್‌ಡಬ್ಲ್ಯೂ-ಡಬ್ಲ್ಯೂ64 ಪ್ಯಾಕೇಜ್ ಹಾಕಿ. 'ನಮಸ್ಕಾರ' ಅಂತ ತೋರಿಸೋ ಐದು ಸಾಲಿನ ಸಿ ಪ್ರೋಗ್ರಾಂ ಬರೆಯಿರಿ. ಸಾಮಾನ್ಯ ಜಿಸಿಸಿ ಬದಲು ಎಕ್ಸ್86, ಡಬ್ಲ್ಯೂ64, ಮಿಂಗ್‌ಡಬ್ಲ್ಯೂ32 ಅಂತೆಲ್ಲ ಉದ್ದ ಹೆಸರಿರೋ ಜಿಸಿಸಿಯಿಂದ ಕಂಪೈಲ್ ಮಾಡಿ. ಇಎಕ್ಸ್‌ಇ ಬರುತ್ತೆ. ಎಂ ಝಡ್ ಇದೆಯಾ ನೋಡಿ.

ಲಿನಕ್ಸ್‌ನಲ್ಲೇ ಅದನ್ನ ಓಡಿಸಿ ನೋಡೋಕೆ ವೈನ್ ಅನ್ನೋ ಸಾಫ್ಟ್‌ವೇರ್ ಇದೆ. 1993ರಿಂದ ನಡೀತಾ ಇರೋ ಕೆಲಸ ಅದು, ವಿಂಡೋಸ್ ಕೊಡೋ ಉತ್ತರಗಳನ್ನ ಲಿನಕ್ಸ್ ಮೇಲೆ ಕೊಡುತ್ತೆ. ಟೈಲರ್ ಅಂಗಡಿಯ ಬೊಂಬೆ ಇದ್ದ ಹಾಗೆ. ಬೊಂಬೆಗೆ ಹಾಕಿ ನೋಡಬಹುದು. ಆದ್ರೆ ಬೊಂಬೆ ಕೈ ಎತ್ತಲ್ಲ, ತೋಳು ಬಿಗಿ ಅಂತ ಹೇಳಲ್ಲ.

ಇನ್ನೊಂದು ಪ್ರಯೋಜನ ಇದೆ, ನಂಬಿಕೆಯದು. ಟಾರ್ ಬ್ರೌಸರ್‌ನ ವಿಂಡೋಸ್ ಆವೃತ್ತಿಯನ್ನೂ ಲಿನಕ್ಸ್‌ನಲ್ಲೇ ಕಟ್ತಾರೆ. ಬೇರೆ ಬೇರೆ ಜನ ಬೇರೆ ಬೇರೆ ಕಡೆ ಅದೇ ಸೋರ್ಸ್ ಕೋಡಿಂದ ಕಟ್ಟಿ, ಬೈಟಿಗೆ ಬೈಟ್ ತಾಳೆ ನೋಡ್ತಾರೆ. ಮಧ್ಯದಲ್ಲಿ ಯಾರೋ ಏನೋ ಸೇರಿಸಿದ್ರೆ ತಾಳೆ ಆಗಲ್ಲ. ಇಬ್ಬರು ಗುಮಾಸ್ತರು ಒಂದೇ ಲೆಕ್ಕ ಬೇರೆ ಬೇರೆ ಬರೆದು ಮೊತ್ತ ಹೋಲಿಸಿದ ಹಾಗೆ. ಲೆಕ್ಕ ಕಲಿತೋರಿಗೆ ಇದಕ್ಕಿಂತ ಚೆನ್ನಾಗಿ ಅರ್ಥ ಆಗೋದು ಇನ್ಯಾವುದು?

ಹೇಳೋದು ಹೇಗೆ

ಕೊನೆಗೆ ಕೆಲಸದ ಮಾತು. ಏನಾದ್ರೂ ಕೈಕೊಟ್ರೆ ಓಪನ್ ಸೋರ್ಸ್ ಯೋಜನೆಗಳಿಗೆ ತಿಳಿಸೋಕೆ ಒಂದು ಜಾಗ ಇರುತ್ತೆ. ಟೆಸೆರಾಕ್ಟ್‌ಗೆ ಗಿಟ್‌ಹಬ್‌ನಲ್ಲಿದೆ. ಅಲ್ಲಿ ಬರೆಯೋಕೆ ಕೋಡಿಂಗ್ ಬರಬೇಕಿಲ್ಲ. ಅಚ್ಚುಕಟ್ಟು ಇಂಗ್ಲಿಷೂ ಬೇಕಿಲ್ಲ. ಐದು ವಿಷಯ ಇದ್ರೆ ಸಾಕು: ಯಾವ ವಿಂಡೋಸ್, ಸಾಫ್ಟ್‌ವೇರ್‌ನ ಯಾವ ಆವೃತ್ತಿ, ನೀವು ಟೈಪ್ ಮಾಡಿದ ಕಮಾಂಡ್ ಅಕ್ಷರಶಃ, ಏನಾಗ್ಬೇಕಿತ್ತು, ಏನಾಯ್ತು. ಕನ್ನಡ ಹೆಸರಿನ ಫೈಲ್ ತೆರೆಯಲಿಲ್ಲ, ಇಂಗ್ಲಿಷ್ ಹೆಸರು ಕೊಟ್ಟಾಗ ತೆರೆಯಿತು ಅಂತ ಎರಡನ್ನೂ ಮಾಡಿ ತೋರಿಸಿದ್ರೆ ಕಟ್ಟೋರಿಗೆ ಅರ್ಧ ಕೆಲಸ ಮುಗಿದ ಹಾಗೆ. ಬರೆಯೋ ಮೊದಲು ಬೇರೆ ಯಾರಾದ್ರೂ ಅದನ್ನೇ ಹೇಳಿದಾರಾ ಅಂತ ಹುಡುಕಿ. ಮಾದರಿ ಪುಟ ಸೇರಿಸೋದಾದ್ರೆ ನಿಮ್ಮ ಆಸ್ತಿ ಪತ್ರ ಹಾಕ್ಬೇಡಿ, ಕ್ಯಾಲೆಂಡರ್ ಪುಟನೋ ಮದುವೆ ಕಾಗದನೋ ಹಾಕಿ, ಅದರಲ್ಲೂ ಫೋನ್ ನಂಬರ್ ಮುಚ್ಚಿ. ಬೈಬೇಡಿ. ಆ ಕಡೆ ಇರೋರಲ್ಲಿ ಎಷ್ಟೋ ಜನ ಸಂಬಳ ಇಲ್ಲದೇ ದುಡಿಯೋರು.

ಕನ್ನಡಕ್ಕೆ ಸಾಫ್ಟ್‌ವೇರ್ ಇಲ್ಲ, ಸರ್ಕಾರ ಮಾಡಲಿಲ್ಲ, ಕಂಪನಿ ಮಾಡಲಿಲ್ಲ ಅಂತ ನಾವು ಹೇಳ್ತಾ ಇರ್ತೀವಿ. ಅದರಲ್ಲಿ ನಿಜವೂ ಇದೆ. ಆದ್ರೆ ಮ್ಯಾನ್‌ಹೈಮ್‌ನ ಗ್ರಂಥಾಲಯದೋರು ತಮ್ಮ ಜರ್ಮನ್ ಗೆಜೆಟ್ ಓದೋಕೆ ಅಂತ ಮಾಡ್ಕೊಂಡ ಕೆಲಸದಲ್ಲಿ ಕನ್ನಡಕ್ಕೂ ಟಿಕ್ ಹಾಕೋ ಒಂದು ಚೌಕ ಇದೆ. ಆ ಚೌಕದ ಆಚೆಗೆ ಏನಾಗುತ್ತೆ ಅನ್ನೋದು ಅವರಿಗೆ ಕಾಣಲ್ಲ. ಅದು ಕಾಣೋದು ನಮ್ಮ ಪರದೆ ಮೇಲೆ ಮಾತ್ರ.

ಈ ವಾರ ಒಂದು ಕೆಲಸ ಮಾಡಿ. ಮನೆಯಲ್ಲಿರೋ ಯಾವುದಾದ್ರೂ ಮುದ್ರಿತ ಕನ್ನಡ ಪುಟದ ಫೋಟೋ ತೆಗೀರಿ. ಫೈಲ್‌ಗೆ ನಿಮ್ಮೂರಿನ ಹೆಸರನ್ನ ಕನ್ನಡದಲ್ಲೇ ಇಡಿ. ಓಡಿಸಿ ನೋಡಿ. ಓಡಿದ್ರೆ ಪಕ್ಕದ ಜೆರಾಕ್ಸ್ ಅಂಗಡಿಯೋರಿಗೂ ತೋರಿಸಿ. ಓಡಲಿಲ್ಲ ಅಂದ್ರೆ ಹೆಸರು ಬದಲಾಯಿಸಿ ಸುಮ್ನಾಗ್ಬೇಡಿ, ಬರೆದು ತಿಳಿಸಿ. ಏನಾಯ್ತು ಅಂತ ನನಗೂ ಕಾಮೆಂಟ್‌ನಲ್ಲಿ ಹೇಳಿ. ಮತ್ತೆ ಸಿಗೋಣ, ನಮಸ್ಕಾರ.